ಸಿಂಹದ ಮಕ್ಕಳು, ಕುವೇಣಿಯ ಮಕ್ಕಳು

ಲಂಕೆ ಅಂದರೆ ನಮ್ಮ ಜನಕ್ಕೆ ರಾವಣ. ಹರಿಕಥೆಯಿಂದ, ಬಯಲಾಟದಿಂದ, ತೊಗಲುಗೊಂಬೆಯಾಟದಿಂದ ಬಂದ ಲಂಕೆ ಅದು. ಪೇಪರು ಓದುವವರಿಗೆ ಇನ್ನೊಂದು ಲಂಕೆ ಗೊತ್ತು: ಬಾಂಬು, ಹೆಣ, ನಿರಾಶ್ರಿತರ ದೋಣಿ. ಈ ಎರಡು ಚಿತ್ರಗಳ ನಡುವೆ ಆ ದ್ವೀಪದ ಮುಕ್ಕಾಲು ಪಾಲು ಜನ, ಅಂದರೆ ಒಂದೂವರೆ ಕೋಟಿಗೂ ಮಿಕ್ಕ ಸಿಂಹಳೀಯರು, ನಮ್ಮ ಕಣ್ಣಿಂದ ಜಾರಿಹೋಗಿದ್ದಾರೆ. ಅವರು ಯಾರು, ಎಲ್ಲಿಂದ ಬಂದರು, ತಮ್ಮನ್ನು ತಾವು ಏನೆಂದು ಕರೆದುಕೊಂಡರು, ಅವರೊಳಗೂ ಒಂದು ಕೇರಿ ಇದೆಯೋ ಇಲ್ಲವೋ, ಇದನ್ನು ನಮ್ಮ ಶಾಲೆಯ ಪುಸ್ತಕ ಹೇಳಲಿಲ್ಲ, ಕಾಲೇಜಿನ ಮೇಷ್ಟ್ರೂ ಹೇಳಲಿಲ್ಲ.

ಕೇರಿಯಿಂದ ಬಂದ ನಮಗೆ ಈ ಪ್ರಶ್ನೆ ಯಾಕೆ ಬೇಕು ಅಂತ ಗೆಳೆಯರು ಕೇಳಬಹುದು. ಬೇಕು. ಯಾಕೆಂದರೆ ನಾವು ಬುದ್ಧನ ಹೆಸರು ಹೇಳುವ ಜನ. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬುದ್ಧನ ಕಡೆಗೆ ನಡೆದದ್ದು ಜಾತಿಯಿಂದ ಬಿಡುಗಡೆಗಾಗಿ. ಲಂಕೆಯಲ್ಲಿ ಬುದ್ಧ ಇಪ್ಪತ್ತೆರಡು ಶತಮಾನಗಳಿಂದ ಇದ್ದಾನೆ. ಹಾಗಾದರೆ ಅಲ್ಲಿ ಜಾತಿ ಸತ್ತಿದೆಯೆ? ಸತ್ತಿಲ್ಲದಿದ್ದರೆ ಯಾಕೆ ಸಾಯಲಿಲ್ಲ? ಹತ್ತು ದಿಕ್ಕಿನಿಂದ ಬಂದು ಕೂಡಿಕೊಂಡ ಜನ ತಮ್ಮದು ಒಂದೇ ರಕ್ತ ಎಂದು ನಂಬುವಂತಾದದ್ದು ಹೇಗೆ? ಇವು ಬರೀ ಲಂಕೆಯ ಪ್ರಶ್ನೆಗಳಲ್ಲ.

೧

ಸಿಂಹಳೀಯರ ಹುಟ್ಟಿನ ಕಥೆ 'ಮಹಾವಂಸ'ದಲ್ಲಿದೆ. ಕ್ರಿ.ಶ. ಐದು-ಆರನೇ ಶತಮಾನದ ಹೊತ್ತಿಗೆ ಅನುರಾಧಪುರದಲ್ಲಿ ಮಹಾನಾಮನೆಂಬ ಭಿಕ್ಷು ಪಾಳಿ ಭಾಷೆಯಲ್ಲಿ ಕಟ್ಟಿದ ಪದ್ಯಚರಿತ್ರೆ ಇದು. ವಂಗದ ರಾಜಮನೆತನದ ಹೆಣ್ಣೊಬ್ಬಳನ್ನು ಸಿಂಹ ಹೊತ್ತೊಯ್ಯುತ್ತದೆ. ಅವಳಿಗೆ ಹುಟ್ಟಿದ ಸಿಂಹಬಾಹು ಅಪ್ಪನಾದ ಸಿಂಹವನ್ನೇ ಕೊಲ್ಲುತ್ತಾನೆ. ಸಿಂಹಳ ಎಂಬ ಹೆಸರಿಗೆ ಇದೇ ಮೂಲ ಅಂತ ಗ್ರಂಥದ ಮಾತು. ಸಿಂಹಬಾಹುವಿನ ಹಿರಿಮಗ ವಿಜಯ. ಈ ವಿಜಯ ಎಂಥವನು? ಊರಿನ ಜನಕ್ಕೆ ಕಾಟ ಕೊಟ್ಟು ಕೊಟ್ಟು, ಕಡೆಗೆ ಜನವೇ ಅವನನ್ನು ಕೊಲ್ಲಿಸು ಅಂತ ಅರಸನ ಮುಂದೆ ಕೂಗೆಬ್ಬಿಸಿದ್ದರಿಂದ, ಏಳುನೂರು ಸಂಗಡಿಗರ ಸಮೇತ ಅರ್ಧ ತಲೆ ಬೋಳಿಸಿಕೊಂಡು ಹಡಗು ಹತ್ತಿದವನು. ಗಡೀಪಾರಾದ ಪುಂಡ. ಬುದ್ಧ ಪರಿನಿರ್ವಾಣ ಹೊಂದಿದ ದಿನವೇ ಇವನು ಲಂಕೆಯ ದಡಕ್ಕೆ ಕಾಲಿಟ್ಟ ಎಂದು ಬರೆದು ಭಿಕ್ಷುಗಳು ಪುಂಡನಿಗೂ ಬುದ್ಧನಿಗೂ ಗಂಟು ಹಾಕಿದರು.

ಆ ದಡದಲ್ಲಿ ಅವನಿಗೆ ಎದುರಾದವಳು ಕುವೇಣಿ. ಮರದ ಬುಡದಲ್ಲಿ ಕೂತು ನೂಲು ತೆಗೆಯುತ್ತಿದ್ದಳು. ಗ್ರಂಥ ಅವಳನ್ನು ಯಕ್ಷಿಣಿ ಅನ್ನುತ್ತದೆ. ನೂಲು ತೆಗೆಯುವ ಯಕ್ಷಿಣಿ! ನೆಲದ ಮೂಲದವರನ್ನು ದಸ್ಯುಗಳು, ರಾಕ್ಷಸರು ಅಂತ ಬರೆದ ಗ್ರಂಥಗಳನ್ನು ಕಂಡ ನಮಗೆ ಈ ಮಾತಿನ ಮರ್ಮ ತಿಳಿಯದ್ದಲ್ಲ. ಹಸಿದು ಬಂದವರಿಗೆ ಅಕ್ಕಿ ತೋರಿಸಿದವಳು ಅವಳೇ. ತನ್ನವರನ್ನು ಮಣಿಸುವ ದಾರಿ ಹೇಳಿಕೊಟ್ಟವಳೂ ಅವಳೇ. ವಿಜಯನಿಂದ ಎರಡು ಮಕ್ಕಳನ್ನು ಪಡೆದಳು. ಆದರೆ ಪಟ್ಟ ಕಟ್ಟಿಕೊಳ್ಳುವ ಹೊತ್ತಿಗೆ ಅವನಿಗೆ ಕುಲವಂತ ಹೆಣ್ಣು ಬೇಕಾಯಿತು. ಮದುರೆಯ ಪಾಂಡ್ಯನ ಮಗಳನ್ನು ತರಿಸಿಕೊಂಡ. ಮಕ್ಕಳನ್ನು ಬಿಟ್ಟು ಹೊರಟುಹೋಗು ಅಂತ ಕುವೇಣಿಗೆ ಹೇಳಿದ. ಅವಳು ಮಕ್ಕಳನ್ನು ಕರಕೊಂಡೇ ಹೋದಳು. ತನ್ನವರ ಊರಿನಲ್ಲಿ ತನ್ನವರ ಕೈಯಲ್ಲೇ ಸತ್ತಳು. ಮಕ್ಕಳು ಬೆಟ್ಟದ ಸೀಮೆಗೆ ಓಡಿ ಬದುಕಿಕೊಂಡರು. ಇವತ್ತಿನ ವೆಡ್ಡಾ ಆದಿವಾಸಿಗಳು ಅವರ ಸಂತಾನ ಎಂಬ ಪ್ರತೀತಿ ಇದೆ.

ಇದು ಇತಿಹಾಸವಲ್ಲ, ಪುರಾಣ. ಆದರೆ ಪುರಾಣವನ್ನೂ ಓದುವ ಬಗೆಯಿದೆ. ಮದುರೆಯ ಹುಡುಗಿಯ ಜೊತೆಗೆ ಹದಿನೆಂಟು ಕಸುಬುಗಳ ಸಾವಿರ ಕುಟುಂಬಗಳೂ ಬಂದವು ಅಂತ ಮಹಾವಂಸವೇ ಹೇಳುತ್ತದೆ. ಪಾಂಡ್ಯ ರಾಣಿಯಲ್ಲಿ ವಿಜಯನಿಗೆ ಮಕ್ಕಳಾಗಲಿಲ್ಲ, ತಮ್ಮನ ಮಗ ಬಂದು ಪಟ್ಟವೇರಿದ ಅಂತಲೂ ಅದೇ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. ಆ ಕಥೆಯ ಪ್ರಕಾರವೇ ಸಿಂಹಳದ ಮೊದಲ ಪಟ್ಟದರಸಿ ತಮಿಳು ನೆಲದವಳು, ಮೊದಲ ಕಸುಬುದಾರರು ತಮಿಳು ನೆಲದವರು, ವಿಜಯನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಕಾಡಿಗೆ ಅಟ್ಟಿಸಿಕೊಂಡ ಕುವೇಣಿಯ ಮಕ್ಕಳು ಮಾತ್ರ. ಶುದ್ಧ ರಕ್ತದ ಮಾತಾಡುವವರು ತಮ್ಮ ಪವಿತ್ರ ಗ್ರಂಥವನ್ನೇ ಪೂರ್ತಿ ಓದಿಲ್ಲ.

೨

ಕಥೆ ಬಿಟ್ಟು ಕಲ್ಲಿಗೆ ಬರೋಣ. ಕ್ರಿ.ಪೂ. ಮೂರನೆಯ ಶತಮಾನದಿಂದ ಲಂಕೆಯ ಗುಹೆಗಳಲ್ಲಿ ಬ್ರಾಹ್ಮಿ ಶಾಸನಗಳು ಸಿಗುತ್ತವೆ. ಅಶೋಕನ ಕಾಲಕ್ಕೆ ಮಹಿಂದ ಭಿಕ್ಷು ಮಿಹಿಂತಲೆಯ ಬೆಟ್ಟಕ್ಕೆ ಬಂದ, ದೇವಾನಾಂಪಿಯ ತಿಸ್ಸ ರಾಜ ಬೌದ್ಧನಾದ, ಸಂಘಮಿತ್ತೆ ಬೋಧಿಯ ಕೊಂಬೆ ತಂದಳು. ಅದಾದ ಮೇಲೆ ಭಿಕ್ಷುಗಳಿಗೆ ಗುಹೆ ಬಿಟ್ಟುಕೊಟ್ಟವರ ದಾನಪತ್ರಗಳು ಇವು. ಇದರ ಪ್ರಾಕೃತವೇ ಬೆಳೆದು ಸಿಂಹಳ ಭಾಷೆಯಾಯಿತು. ದಾನ ಕೊಟ್ಟವರು ತಮ್ಮನ್ನು ಏನೆಂದು ಕರೆದುಕೊಂಡಿದ್ದಾರೆ? ಊರಿನ ಮುಖಂಡ, ಗೃಹಪತಿ, ಇಂಥ ಕಸುಬಿನವ, ಇಂಥವನ ಮಗ. ಅನುರಾಧಪುರದ ಒಂದು ಬಂಡೆಯ ಮೇಲೆ ಸಮಣನೆಂಬ 'ದಮೆಡ', ಅಂದರೆ ತಮಿಳ, ತನ್ನಂಥ ತಮಿಳು ಗೃಹಪತಿಗಳು ಕೂರಲು ಕಟ್ಟಿಸಿದ ಜಗಲಿಯ ಶಾಸನವಿದೆ. ಆ ಜಗಲಿಯಲ್ಲಿ ಒಬ್ಬ ಹಡಗಿನವನಿಗೂ ಆಸನವಿತ್ತು. ತಮಿಳರು ಬರೆಸಿದ ಆ ಶಾಸನದ ಭಾಷೆ ಕೂಡ ಪ್ರಾಕೃತ. ಭಾಷೆಗೂ ಕುಲಕ್ಕೂ ಆಗ ಬೇಲಿ ಬಿದ್ದಿರಲಿಲ್ಲ.

ಸಿಂಹಳೀಯ ಇತಿಹಾಸಕಾರ ಆರ್.ಎ.ಎಲ್.ಎಚ್. ಗುಣವರ್ಧನ ೧೯೭೯ರಲ್ಲಿ 'ಸಿಂಹದ ಜನ' ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಬರೆದರು. ಸಿಂಹಳ ಅನ್ನುವುದು ಮೊದಲು ರಾಜವಂಶದ ಹೆಸರು, ಆಮೇಲೆ ಆಳುವ ವರ್ಗದ ಹೆಸರು, ಬಹಳ ತಡವಾಗಿ ಸಿಂಹಳ ಮಾತಾಡುವ ಎಲ್ಲರ ಹೆಸರು ಅಂತ ಅವರ ವಾದ. ಕೆ.ಎನ್.ಓ. ಧರ್ಮದಾಸ ಅದನ್ನು ಒಪ್ಪದೆ, ಜನವಾಚಕವಾಗಿ ಆ ಹೆಸರು ಬಹಳ ಹಳೆಯದು ಅಂತ ಉತ್ತರ ಕೊಟ್ಟರು. ವಾದ ಏನೇ ಇರಲಿ, ಕೆರೆ ಅಗೆದವನನ್ನೂ ಕಿರೀಟ ಹೊತ್ತವನನ್ನೂ ಒಂದೇ ಹೆಸರಿನಿಂದ ಯಾವಾಗ ಕರೆದರು ಅಂತ ಕೇಳುವ ಧೈರ್ಯ ಮುಖ್ಯ. ಈ ಪ್ರಶ್ನೆ ಕೇಳಿದ್ದು ಹೊರಗಿನವರಲ್ಲ, ಸಿಂಹಳೀಯನೇ.

ಆ ಜನರ ಮನೆಯೊಳಗೆ ಹೋದರೆ ನಮಗೆ ಪರಕೀಯ ಅನ್ನಿಸುವುದೇ ಇಲ್ಲ. ತಾಯಿ ಅಮ್ಮ, ಅಕ್ಕ ಅಕ್ಕನೇ, ಅಣ್ಣ 'ಅಯ್ಯ', ತಂಗಿ 'ನಂಗಿ'. ಸೋದರಮಾವನ ಮಗಳನ್ನು ತಂದುಕೊಳ್ಳುವ ಪದ್ಧತಿಯೂ ಉಂಟು. ಭಾಷೆ ಉತ್ತರದ್ದು, ನಂಟಸ್ತಿಕೆ ದಕ್ಷಿಣದ್ದು. ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಒಂಬತ್ತನೆಯ ಶತಮಾನದಲ್ಲಿ ನಮ್ಮಲ್ಲಿ ಕವಿರಾಜಮಾರ್ಗ ಹುಟ್ಟಿದಂತೆ ಅಲ್ಲಿ ಅದೇ ದಂಡಿಯಿಂದ 'ಸಿಯಬಸ್ಲಕರ' ಹುಟ್ಟಿತು. ಸಿಯಬಸ ಅಂದರೆ ಸ್ವಭಾಷೆ. ಚೋಳರು ೯೯೩ರಲ್ಲಿ ನುಗ್ಗಿ, ೧೦೭೦ರವರೆಗೆ ಪೊಲೊನ್ನರುವದಲ್ಲಿ ಆಳಿದರು. ಅವರನ್ನು ಓಡಿಸಿದ ವಿಜಯಬಾಹು ಕನ್ನಡದ ಅರಸನಿಗೆ ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ, ದಾರಿಯಲ್ಲಿ ಚೋಳರು ಅವರ ಕಿವಿ ಮೂಗು ಕೊಯ್ದರು ಅಂತ ಮಹಾವಂಸದ ಮುಂದಿನ ಭಾಗವಾದ ಚೂಳವಂಸದಲ್ಲಿದೆ. ಹಾಗಂತ ತಮಿಳರೆಲ್ಲ ಶತ್ರುಗಳಾಗಿದ್ದರೆ? ಅದೇ ಪೊಲೊನ್ನರುವದಲ್ಲಿ ಬುದ್ಧನ ದಂತದ ದೇಗುಲವನ್ನು ನಾವು ಕಾಯುತ್ತೇವೆ ಅಂತ ವೇಳೈಕ್ಕಾರ ಪಡೆಯವರು ಕಲ್ಲಿನಲ್ಲಿ ಬರೆಸಿದ್ದಾರೆ, ತಮಿಳಿನಲ್ಲಿ.

ಹಳ್ಳಿಯ ದೇವರನ್ನು ನೋಡಿ. ರೋಗ ಬಂದಾಗ, ಮಳೆ ಹೋದಾಗ ಸಿಂಹಳದ ರೈತ ಹರಸಿಕೊಳ್ಳುವುದು ಪತ್ತಿನಿ ತಾಯಿಗೆ. ಪತ್ತಿನಿ ಅಂದರೆ ಮದುರೆಯನ್ನು ಸುಟ್ಟ ಕಣ್ಣಗಿ. ಕತರಗಾಮದ ದೇವರು ತಮಿಳರ ಮುರುಗ. ಇನ್ನು ಕರಾವಳಿಯ ದೊಡ್ಡ ಜಾತಿಗಳು: ಮೀನು ಹಿಡಿಯುವ ಕರಾವ, ಚಕ್ಕೆ ಸುಲಿಯುವ ಸಲಾಗಮ, ಸೇಂದಿ ಇಳಿಸುವ ದುರಾವ. ಇವರ ಹಿರಿಯರಲ್ಲಿ ಬಹಳ ಮಂದಿ ಹದಿಮೂರನೆಯ ಶತಮಾನದಿಂದ ಈಚೆಗೆ ದಕ್ಷಿಣ ಭಾರತದ ಕಡಲ ಕರೆಯಿಂದ ಹೋದವರು. ನೆಗೊಂಬೊ, ಚಿಲಾವ್ ಕಡೆಯ ಬೆಸ್ತರಂತೂ ಕಳೆದ ಒಂದೂವರೆ ಶತಮಾನದಲ್ಲೇ ತಮಿಳು ಬಿಟ್ಟು ಸಿಂಹಳಕ್ಕೆ ಹೊರಳಿದವರು. ಅಪ್ಪ ತಮಿಳ, ಮೊಮ್ಮಗ ಸಿಂಹಳ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜನ ಆಗುವುದೇ ಹೀಗೆ. ನಾಚಿಕೆ ಇರುವುದು ಅದನ್ನು ಮುಚ್ಚಿಡುವುದರಲ್ಲಿ.

೩

ಸಿಂಹಳೀಯರ ನಿಜವಾದ ಹೆಮ್ಮೆ ಎಲ್ಲಿದೆ ಅಂತ ನಮ್ಮನ್ನು ಕೇಳಿದರೆ ಕೆರೆಯಲ್ಲಿದೆ ಅನ್ನುತ್ತೇವೆ. ಮಳೆ ಕಮ್ಮಿ ಬೀಳುವ ಒಣ ಸೀಮೆಯಲ್ಲಿ ಅವರು ಕಟ್ಟಿದ ಕೆರೆಗಳು ಸಾವಿರಾರು. ನೀರಿನ ರಭಸ ಮುರಿದು ಹದವಾಗಿ ಹೊರಗೆ ಬಿಡುವ 'ಬಿಸೋಕೊಟುವ' ಎಂಬ ತೂಬಿನ ಬಾವಿಯನ್ನು ಕಂಡುಹಿಡಿದವರು ಅವರು. ಐದನೆಯ ಶತಮಾನದಲ್ಲಿ ಧಾತುಸೇನ ಕಟ್ಟಿಸಿದ ಕಲಾವೆವ ಕೆರೆಯಿಂದ ಅನುರಾಧಪುರಕ್ಕೆ ಹೋಗುವ ಜಯಗಂಗಾ ಕಾಲುವೆ ಸುಮಾರು ೮೭ ಕಿಲೋಮೀಟರ್ ಉದ್ದ. ಮೊದಲ ಹದಿನೇಳು ಮೈಲಿಯಲ್ಲಿ ಅದರ ಇಳಿಜಾರು ಮೈಲಿಗೆ ಆರು ಇಂಚು. ಬರಿಗಣ್ಣಿಗೆ ಕಾಣದ ಇಳಿಜಾರು ಅದು. ಹನ್ನೆರಡನೆಯ ಶತಮಾನದ ಪರಾಕ್ರಮಬಾಹು ಒಂದು ಹನಿ ಮಳೆನೀರೂ ಜನಕ್ಕೆ ಉಪಯೋಗವಾಗದೆ ಕಡಲು ಸೇರಬಾರದು ಅಂದನಂತೆ. ಒಳ್ಳೆಯ ಮಾತು. ಆ ಮಾತನ್ನು ಆಡಿದ್ದು ರಾಜ, ಬುಟ್ಟಿ ಹೊತ್ತದ್ದು ಯಾರು?

ಅದಕ್ಕೆ ಅಲ್ಲಿ ಒಂದು ಹೆಸರಿದೆ: ರಾಜಕಾರಿಯ. ನೆಲ ಉಳುವುದಕ್ಕೆ ಬದಲು ಜಾತಿಗೆ ತಕ್ಕ ಬಿಟ್ಟಿ ದುಡಿಮೆ. ಒಬ್ಬ ಮಡಕೆ ಕೊಡಬೇಕು, ಒಬ್ಬ ಬಟ್ಟೆ ಒಗೆಯಬೇಕು, ಒಬ್ಬ ಪಲ್ಲಕ್ಕಿ ಹೊರಬೇಕು, ಒಬ್ಬ ಭೇರಿ ಬಡಿಯಬೇಕು. ನಮ್ಮ ಅಜ್ಜಂದಿರು ಮಾಡಿದ ಬಿಟ್ಟಿ ಚಾಕರಿಗೆ ಇದು ಅಣ್ಣತಮ್ಮ. ಬ್ರಿಟಿಷರು ೧೮೩೨ರಲ್ಲಿ ಸರ್ಕಾರದ ರಾಜಕಾರಿಯವನ್ನು ರದ್ದು ಮಾಡಿದರು. ಆದರೆ ವಿಹಾರ, ದೇಗುಲಗಳ ಜಮೀನಿನಲ್ಲಿ ಅದು ಉಳಿಯಿತು. ಧಾತುಸೇನನ ನಿಧಿ ಎಲ್ಲಿದೆ ಅಂತ ಅವನ ಮಗ ಕಸ್ಸಪ ಹಿಂಸೆ ಕೊಟ್ಟು ಕೇಳಿದಾಗ ಮುದುಕ ಕಲಾವೆವದ ನೀರನ್ನು ಬೊಗಸೆಯಲ್ಲಿ ಎತ್ತಿ ಇದೇ ನನ್ನ ಸಂಪತ್ತು ಅಂದನಂತೆ. ಆ ನೀರಿನಲ್ಲಿ ಯಾರ ಯಾರ ಬೆವರು ಎಷ್ಟಿತ್ತು ಅಂತ ಅಪ್ಪನೂ ಕೇಳಲಿಲ್ಲ, ಮಗನೂ ಕೇಳಲಿಲ್ಲ, ಬರೆದ ಭಿಕ್ಷುವೂ ಕೇಳಲಿಲ್ಲ.

ಅಪ್ಪನನ್ನು ಕೊಂದ ಆ ಕಸ್ಸಪ ಕಟ್ಟಿದ್ದೇ ಸಿಗಿರಿಯ ಬೆಟ್ಟದ ಅರಮನೆ. ಅರಮನೆ ಹಾಳಾಯಿತು. ಆಮೇಲೆ ನೂರಾರು ವರ್ಷ ಜನ ಆ ಬೆಟ್ಟ ನೋಡಲು ಬಂದು, ಕನ್ನಡಿಯಂತೆ ನುಣುಪಾದ ಗೋಡೆಯ ಮೇಲೆ ಸಿಂಹಳದಲ್ಲಿ ಪದ್ಯ ಗೀಚಿ ಹೋದರು. ಹೆಚ್ಚಿನವು ಎಂಟರಿಂದ ಹತ್ತನೆಯ ಶತಮಾನದವು. ಸೆನರತ್ ಪರಣವಿತಾನ ಅಂಥ ೬೮೫ ಪದ್ಯಗಳನ್ನು ಓದಿ ೧೯೫೬ರಲ್ಲಿ ಅಚ್ಚು ಹಾಕಿಸಿದರು. ಬರೆದವರಲ್ಲಿ ಭಿಕ್ಷುಗಳಿದ್ದಾರೆ, ಸಿಪಾಯಿಗಳಿದ್ದಾರೆ, ಹೆಂಗಸರಿದ್ದಾರೆ. ಆಸ್ಥಾನದ ಅಪ್ಪಣೆ ಇಲ್ಲದೆ, ಕಾಸಿನ ಆಸೆ ಇಲ್ಲದೆ ಹುಟ್ಟಿದ ಕಾವ್ಯ. ಕವಿತೆ ಬರೆಯುವ ನಮಗೆ ಇಡೀ ಸಿಂಹಳ ಚರಿತ್ರೆಯಲ್ಲಿ ಆ ಗೋಡೆಗಿಂತ ದೊಡ್ಡ ಅರಮನೆ ಕಾಣುವುದಿಲ್ಲ.

೪

ಮಹಾವಂಸದ ನಾಯಕ ದುಟ್ಟಗಾಮಣಿ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅನುರಾಧಪುರವನ್ನು ೪೪ ವರ್ಷ ಆಳಿದ ಎಳಾರ ಎಂಬ ತಮಿಳು ಅರಸನನ್ನು ಕೊಂದು ರಾಜ್ಯ ಗೆದ್ದವನು. ಎಳಾರ ಬೌದ್ಧನಲ್ಲ. ಆದರೂ ನ್ಯಾಯವಂತ ಅಂತ ಗ್ರಂಥ ಒಪ್ಪುತ್ತದೆ. ಕರುವನ್ನು ರಥ ಹರಿಸಿ ಕೊಂದ ಸ್ವಂತ ಮಗನಿಗೇ ಮರಣದಂಡನೆ ಕೊಟ್ಟವನು ಅವನು. ಅವನ ಸೇನಾಪತಿಯ ಸೋದರಳಿಯನೇ ದುಟ್ಟಗಾಮಣಿಯ ಕಡೆಯ ಮೊದಲ ವೀರ ನಂದಿಮಿತ್ತ. ಅಂದರೆ ಮಾವ ಆ ಕಡೆ, ಅಳಿಯ ಈ ಕಡೆ. ಇಂಥದ್ದು ಎರಡು ಜನಾಂಗಗಳ ಯುದ್ಧ ಹೇಗಾದೀತು? ಗೆದ್ದ ಮೇಲೆ ದುಟ್ಟಗಾಮಣಿಯೇ ಎಳಾರನಿಗೆ ಸಮಾಧಿ ಕಟ್ಟಿಸಿ, ಅಲ್ಲಿ ಹಾದುಹೋಗುವವರು ವಾದ್ಯ ನಿಲ್ಲಿಸಿ ಗೌರವ ತೋರಬೇಕು ಅಂತ ಅಪ್ಪಣೆ ಮಾಡಿದ. ಸೋತ ಶತ್ರುವಿಗೆ ತಲೆಬಾಗುವ ಈ ಗುಣ ಸಿಂಹಳ ಸಂಸ್ಕೃತಿಯ ಒಳ್ಳೆಯ ಮುಖ.

ಅದೇ ಗ್ರಂಥದಲ್ಲಿ ಇನ್ನೊಂದು ಮುಖವೂ ಇದೆ. ಇಷ್ಟು ಜನರನ್ನು ಕೊಂದೆನಲ್ಲ ಅಂತ ರಾಜನಿಗೆ ನಿದ್ದೆ ಬರುವುದಿಲ್ಲ. ಅರಹಂತರು ಬಂದು ಸಮಾಧಾನ ಹೇಳುತ್ತಾರೆ: ನೀನು ಕೊಂದದ್ದು ಒಂದೂವರೆ ಮನುಷ್ಯರನ್ನು ಮಾತ್ರ. ತ್ರಿಶರಣವನ್ನಷ್ಟೇ ಹೇಳಿದವನೊಬ್ಬ ಅರ್ಧ, ಪಂಚಶೀಲವನ್ನೂ ಹಿಡಿದವನೊಬ್ಬ ಪೂರ್ತಿ. ಮಿಕ್ಕವರು ಮಿಥ್ಯಾದೃಷ್ಟಿಯವರು, ಪಶುಸಮಾನರು, ಲೆಕ್ಕಕ್ಕಿಲ್ಲ.

ಒಂದೂವರೆ ಮನುಷ್ಯ! ಎಲ್ಲ ಜೀವಕ್ಕೂ ಮರುಗಿದ ಬುದ್ಧನ ಬಾಯಿಂದ ಇಂಥ ಲೆಕ್ಕ ಬಂದೀತೆ? ಇದು ಬುದ್ಧನದ್ದಲ್ಲ, ರಾಜನಿಂದ ಕೆರೆ, ಊರು, ಗದ್ದೆ ಪಡೆದ ಸಂಘದ ಲೆಕ್ಕ. ಮನುಷ್ಯರನ್ನು ಕಾಲುಪಾಲು, ಅರ್ಧಪಾಲು ಅಂತ ಎಣಿಸುವ ಈ ತಕ್ಕಡಿ ನಮಗೆ ಚೆನ್ನಾಗಿ ಗೊತ್ತು. ನಮ್ಮನ್ನೂ ಇದರಲ್ಲೇ ತೂಗಿದ್ದಾರೆ. ಅಲ್ಲಿ ಮನುವಿನ ಹೆಸರಿರಲಿಲ್ಲ, ಅಷ್ಟೆ.

೫

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬುದ್ಧನ ನಾಡಿನಲ್ಲಿ ಜಾತಿ.

ಸಿಂಹಳದಲ್ಲಿ ಬ್ರಾಹ್ಮಣ ಜಾತಿ ಇಲ್ಲ. ಎಲ್ಲರಿಗಿಂತ ಮೇಲೆ ಕೂತವರು ಗೋವಿಗಮ, ಅಂದರೆ ಬೇಸಾಯಗಾರರು. ಸಂಖ್ಯೆಯಲ್ಲೂ ಅವರೇ ಹೆಚ್ಚು. ಆದರೆ ಇವರೇ ಸದಾ ಮೇಲಿದ್ದವರಲ್ಲ. ಹನ್ನೆರಡನೆಯ ಶತಮಾನದ ಕೊನೆಗೆ ಕಳಿಂಗದಿಂದ ಬಂದು ಆಳಿದ ನಿಶ್ಶಂಕಮಲ್ಲ, ಗೋವಿ ಕುಲದವನು ರಾಜನಾಗಲು ಆಸೆಪಟ್ಟರೆ ಅದು ಕಾಗೆ ಹಂಸವನ್ನು ಅನುಕರಿಸಿದಂತೆ ಅಂತ ಪೊಲೊನ್ನರುವದಲ್ಲಿ ಕಲ್ಲಿಗೆ ಹೊಡೆಸಿದ. ಹಾಗೆ ಅವಮಾನ ತಿಂದ ಕುಲವೇ ಮುಂದೆ ಮೇಲಕ್ಕೆ ಹತ್ತಿ, ಏಣಿಯನ್ನು ಎಳೆದುಕೊಂಡಿತು.

ಕೆಳಗಿನವರ ಪಟ್ಟಿ ನಮ್ಮ ಹಳ್ಳಿಯ ಪಟ್ಟಿಯಂತೆಯೇ ಇದೆ. ಅಗಸರು, ಕುಂಬಾರರು, ಬೆಲ್ಲ ಕಾಯಿಸುವ ವಹುಂಪುರ, ಪಲ್ಲಕ್ಕಿ ಹೊರುವ ಬತ್ಗಮ, ಭೇರಿ ಬಡಿಯುವ ಬೆರವ, ಚಾಪೆ ಹೆಣೆಯುವ ಕಿನ್ನರ. ಎಲ್ಲರಿಗಿಂತ ಕೆಳಗ ರೊಡಿ. ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್ ೧೬೬೦ರಿಂದ ಸುಮಾರು ಹತ್ತೊಂಬತ್ತು ವರ್ಷ ಕ್ಯಾಂಡಿ ರಾಜ್ಯದಲ್ಲಿ ಸೆರೆಯಿದ್ದು, ತಪ್ಪಿಸಿಕೊಂಡು ಹೋಗಿ ೧೬೮೧ರಲ್ಲಿ ಪುಸ್ತಕ ಬರೆದ. ಊರಾಚೆ ಬದುಕುವ, ಯಾರೂ ಮುಟ್ಟದ, ಭಿಕ್ಷೆ ಬೇಡಿ ಹೊಟ್ಟೆ ಹೊರೆಯುವ ಈ ಜನರನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ರೊಡಿಗಳು ಅರಸನಿಗೆ ತೊಗಲಿನ ಹಗ್ಗ ಕೊಡಬೇಕಿತ್ತು. ಗಂಡಸು ಮೊಣಕಾಲಿಗಿಂತ ಕೆಳಗೆ ಬಟ್ಟೆ ಇಳಿಸುವಂತಿರಲಿಲ್ಲ, ಹೆಂಗಸು ಎದೆ ಮುಚ್ಚುವಂತಿರಲಿಲ್ಲ. ಹಗಲಿರುಳು ಬುದ್ಧಂ ಶರಣಂ ಹೇಳುವ ರಾಜ್ಯದ ಕಟ್ಟಳೆ ಇದು.

ಹೋಗಲಿ, ಸಂಘದೊಳಗೆ? ಕ್ಯಾಂಡಿಯಲ್ಲಿ ೧೭೩೯ರಿಂದ ೧೮೧೫ರವರೆಗೆ ಆಳಿದವರು ಮದುರೆ ಕಡೆಯ ನಾಯಕ ಮನೆತನದವರು. ಅವರಲ್ಲಿ ಒಬ್ಬನಾದ ಕೀರ್ತಿಶ್ರೀ ರಾಜಸಿಂಹ ವೆಲಿವಿಟ ಶರಣಂಕರ ಭಿಕ್ಷುವಿನ ಜೊತೆಗೂಡಿ, ನಿಂತೇಹೋಗಿದ್ದ ಉಪಸಂಪದೆಯನ್ನು ೧೭೫೩ರಲ್ಲಿ ಸಯಾಮಿನ ಭಿಕ್ಷುಗಳನ್ನು ಕರೆಸಿ ಮತ್ತೆ ಆರಂಭಿಸಿದ. ಸಿಂಹಳ ಬೌದ್ಧರ ಮಾನ ಉಳಿಸಿದವನು ದಕ್ಷಿಣ ಭಾರತದಿಂದ ಬಂದ ಮನೆತನದವನು ಅನ್ನೋದನ್ನು ಇವತ್ತಿನ ಜನಾಂಗವಾದಿಗಳು ಹೇಳುವುದಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಈ ಸಯಾಮ್ ನಿಕಾಯ ಬಾಗಿಲು ಹಾಕಿಕೊಂಡಿತು: ಗೋವಿಗಮರಿಗೆ ಮಾತ್ರ ಪೂರ್ಣ ದೀಕ್ಷೆ. ವಿಹಾರದ ಪೂಜೆಗೆ ಬೆರವನ ವಾದ್ಯ ಬೇಕು. ಅವನ ಜೋಡಿವಾದ್ಯದ ಹೆಸರು ನಮ್ಮ ತಮಟೆಗೆ ಹತ್ತಿರದ ತಮ್ಮೆಟ್ಟಮ. ಅವನು ಬಡಿದರೇ ಬುದ್ಧನಿಗೆ ಬೆಳಗು. ಆದರೆ ಅವನ ಮಗ ಅಲ್ಲಿ ಭಿಕ್ಷುವಾಗುವ ಹಾಗಿಲ್ಲ.

ಆಗ ಬಂಡಾಯ ಎದ್ದಿತು. ಚಕ್ಕೆ ಸುಲಿಯುವ ಸಲಾಗಮ ಕುಲದ ಅಂಬಗಹಪಿಟಿಯ ಜ್ಞಾನವಿಮಲ ೧೭೯೯ರಲ್ಲಿ ಸಂಗಡಿಗರ ಜೊತೆ ಹಡಗು ಹತ್ತಿ ಬರ್ಮಾಕ್ಕೆ ಹೋದ. ಅಮರಪುರದಲ್ಲಿ ದೀಕ್ಷೆ ಪಡೆದು ೧೮೦೩ರಲ್ಲಿ ಬಂದು, ಬಾಲಪಿಟಿಯದ ಮಾದು ನದಿಯ ನೀರಿನ ಮೇಲೆ ಉಪಸಂಪದೆ ನಡೆಸಿದ. ನೆಲ ಒಡೆಯರದ್ದಾದರೆ ಏನಂತೆ, ನೀರು ಯಾರದ್ದು? ಅಮರಪುರ ನಿಕಾಯ ಹೀಗೆ ಹುಟ್ಟಿತು. ಒಂದೂವರೆ ಶತಮಾನದ ನಂತರ ನಾಗಪುರದಲ್ಲಿ ಬಾಬಾಸಾಹೇಬರಿಗೆ ದೀಕ್ಷೆ ಕೊಟ್ಟ ಚಂದ್ರಮಣಿ ಭಿಕ್ಷುವೂ ಬರ್ಮಾದವರೇ ಅನ್ನುವುದನ್ನು ಇಲ್ಲಿ ನೆನೆಯಬೇಕು.

ಆದರೆ ಈ ಬಂಡಾಯ ಮುಂದೆ ಏನಾಯಿತು? ಸಲಾಗಮರಿಗೆ ಒಂದು ಅಮರಪುರ, ಕರಾವರಿಗೆ ಒಂದು, ದುರಾವರಿಗೆ ಒಂದು. ಬಾಗಿಲು ಮುರಿದವರು ತಂತಮ್ಮ ಮನೆಗೆ ಬಾಗಿಲು ಕಟ್ಟಿಕೊಂಡರು. ಜಾತಿಯನ್ನು ಕೇಳದೆ ತಮ್ಮ ಜಾತಿಯ ಸ್ಥಾನವನ್ನಷ್ಟೇ ಕೇಳುವ ಬಂಡಾಯ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಡ. ೧೯೮೦ರ ದಶಕದಲ್ಲಿ ದಂಬುಳ್ಳದ ಇನಾಮಲುವೆ ಸುಮಂಗಲ ಭಿಕ್ಷು ಕ್ಯಾಂಡಿಯ ಹಿಡಿತ ಬಿಟ್ಟು ಎಲ್ಲ ಜಾತಿಯವರಿಗೂ ದೀಕ್ಷೆ ತೆರೆದರು. ಅದೇ ಭಿಕ್ಷು ೨೦೧೨ರಲ್ಲಿ ದಂಬುಳ್ಳದ ಮಸೀದಿ ತೆಗೆಯಿರಿ ಎಂಬ ಗುಂಪಿನ ಮುಂದಾಳು. ಒಂದು ಗೋಡೆ ಕೆಡವಿದ ಕೈ ಇನ್ನೊಂದು ಗೋಡೆ ಎತ್ತಿತು.

ಇವತ್ತು ಸಿಂಹಳದಲ್ಲಿ ಜಾತಿಯ ಮಾತೇ ಇಲ್ಲ ಅನ್ನುವವರಿದ್ದಾರೆ. ಜನಗಣತಿಯಲ್ಲಿ ಜಾತಿ ಕೇಳುವುದಿಲ್ಲ, ನಿಜ. ಭಾನುವಾರದ ಪತ್ರಿಕೆಯ ವಧೂವರ ಜಾಹೀರಾತಿನಲ್ಲಿ ಮಾತ್ರ 'ಗೋವಿ ಬೌದ್ಧ' ಅಂತ ಅಚ್ಚಾಗುತ್ತದೆ. ಕುಲ ಗೊತ್ತಾಗುವ ಮನೆಹೆಸರನ್ನು ಬದಲಾಯಿಸಿಕೊಂಡ ಪ್ರಕಟಣೆಗಳೂ ಅಚ್ಚಾಗುತ್ತವೆ. ಕೇಳದಿದ್ದ ಮಾತ್ರಕ್ಕೆ ಸಾಯುವ ವಸ್ತುವಲ್ಲ ಜಾತಿ.

೬

ಬ್ರಿಟಿಷರು ೧೮೧೫ರಲ್ಲಿ ಕ್ಯಾಂಡಿಯನ್ನು ಒಪ್ಪಂದದ ಮೇಲೆ ತೆಗೆದುಕೊಂಡಾಗ ಸಿಂಹಳ ಪಾಳೇಗಾರರಲ್ಲಿ ಕೆಲವರು ಸಹಿ ಹಾಕಿದ್ದು ತಮಿಳು ಅಕ್ಷರದಲ್ಲಿ. ಕೊನೆಯ ಅರಸನನ್ನು ವೆಲ್ಲೂರಿನ ಕೋಟೆಗೆ ಕಳಿಸಿದರು. ಆಮೇಲೆ ಯೂರೋಪಿನ ಪಂಡಿತರು ಭಾಷೆಗಳನ್ನು ಆರ್ಯ, ದ್ರಾವಿಡ ಅಂತ ವಿಂಗಡಿಸಿದರು. ಭಾಷೆಯ ಆ ವಿಂಗಡಣೆಯನ್ನು ಬಿಳಿಯರೂ, ಅವರ ಬಳಿ ಓದಿದ ಸ್ಥಳೀಯರೂ ರಕ್ತದ ವಿಂಗಡಣೆ ಮಾಡಿದರು. ನೆರೆಮನೆಯ ಸಿಂಹಳ ಆರ್ಯನಾದ, ತಮಿಳ ದ್ರಾವಿಡನಾದ. ಪಾದ್ರಿಗಳ ಹಾವಳಿಗೆ ೧೮೭೩ರ ಪಾಣದುರೆ ವಾದದಲ್ಲಿ ಎದುರು ನಿಂತ ಬೌದ್ಧರ ಸ್ವಾಭಿಮಾನ ದೊಡ್ಡದು. ೧೮೯೧ರಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿದ ಅನಾಗಾರಿಕ ಧರ್ಮಪಾಲರ ಶ್ರಮ ದೊಡ್ಡದು. ಆದರೆ ಆ ಸ್ವಾಭಿಮಾನದ ಬಾಯಲ್ಲಿ ಆರ್ಯ ಸಿಂಹಳ ಎಂಬ ವಿಷದ ಹಲ್ಲೂ ಮೂಡಿತು. ೧೯೧೫ರಲ್ಲಿ ಅದು ಮುಸ್ಲಿಮರನ್ನು ಕಚ್ಚಿತು.

ಆ ಹೊತ್ತಿನಲ್ಲೇ ನಡೆದ ಇನ್ನೊಂದು ಸಂಗತಿ ನಮಗೆ ಸೇರಿದ್ದು. ತಮಿಳುನಾಡಿನ ಪರೈಯ ಕುಲದ ಪಂಡಿತ ಅಯೋತಿದಾಸರು ೧೮೯೮ರಲ್ಲಿ ಕರ್ನಲ್ ಆಲ್ಕಾಟ್ ಜೊತೆ ಕೊಲಂಬೋಗೆ ಹೋಗಿ ಹಿಕ್ಕಡುವೆ ಸುಮಂಗಲ ಥೇರರಿಂದ ದೀಕ್ಷೆ ಪಡೆದು, ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆಗಳು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಬೆಂಗಳೂರಿನಲ್ಲೂ ಎದ್ದವು. ನೆಲದಡಿಯಲ್ಲಿ ಚಿನ್ನ ಅಗೆದ ಅಸ್ಪೃಶ್ಯರು ಮಾರಿಕುಪ್ಪದಲ್ಲಿ ನಾಗಪುರಕ್ಕಿಂತ ಎಷ್ಟೋ ಮೊದಲೇ ಬೌದ್ಧರಾದರು. ದೀಕ್ಷೆ ಕೊಟ್ಟ ಸುಮಂಗಲರು ಸಯಾಮ್ ನಿಕಾಯದವರು. ಲಂಕೆಯ ಬೆರವನಿಗೆ ಮುಚ್ಚಿದ್ದ ನಿಕಾಯದವರಿಂದ ಮದರಾಸಿನ ಪರೈಯನಿಗೆ ಬುದ್ಧ ಸಿಕ್ಕಿದ. ಚರಿತ್ರೆ ಹೀಗೂ ನಗುತ್ತದೆ.

ಸ್ವಾತಂತ್ರ್ಯ ಬಂತು, ೧೯೪೮. ಬಂದ ವರ್ಷವೇ ಟೀ ತೋಟಗಳಲ್ಲಿ ನಾಲ್ಕು ತಲೆಮಾರು ದುಡಿದ ತಮಿಳು ಕೂಲಿಗಳ ಪೌರತ್ವ ಕಿತ್ತುಕೊಂಡರು. ಅವರಲ್ಲಿ ಬಹುಪಾಲು ಪರೈಯ, ಪಳ್ಳ, ಚಕ್ಕಿಲಿಯ ಜನ. ೧೯೬೪ರಲ್ಲಿ ಸಿರಿಮಾವೊ ಬಂಡಾರನಾಯಿಕೆಯೂ ಶಾಸ್ತ್ರಿಯವರೂ ಕೂತು ೫,೨೫,೦೦೦ ಜನ ಭಾರತಕ್ಕೆ, ೩,೦೦,೦೦೦ ಜನ ಲಂಕೆಗೆ ಅಂತ ದನ ಹಂಚಿದಂತೆ ಹಂಚಿಕೊಂಡರು. ಸುಳ್ಯ, ಪುತ್ತೂರಿನ ರಬ್ಬರು ತೋಟಗಳಲ್ಲಿ ಹಾಲು ಇಳಿಸುವ ಲಂಕೆಯ ತಮಿಳರನ್ನು ಕಂಡವರಿಗೆ ಆ ಹಂಚಿಕೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

೭

೧೯೫೬ ಬುದ್ಧ ಜಯಂತಿಯ ೨೫೦೦ನೇ ವರ್ಷ. ಆ ವರ್ಷವನ್ನು ನಾವು ಎರಡು ಕಣ್ಣಿನಿಂದಲೂ ನೋಡಬೇಕು.

ಲಂಕೆಯಲ್ಲಿ ಇಂಗ್ಲಿಷ್ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ, ನೌಕರಿಯೆಲ್ಲ ಅವರಿಗೆ. ಹಳ್ಳಿಯ ಮೇಷ್ಟ್ರು, ನಾಟಿ ವೈದ್ಯ, ಭಿಕ್ಷು, ರೈತ, ಕೂಲಿ, ಈ ಐದು ಶಕ್ತಿಗಳು ಕೂಡಿ ನಮ್ಮ ಭಾಷೆಗೆ ಜಾಗ ಕೊಡಿ ಅಂತ ಎದ್ದವು. ಅದು ನ್ಯಾಯ. ಕನ್ನಡದಲ್ಲಿ ಓದಿ ಇಂಗ್ಲಿಷಿನ ಮುಂದೆ ತಲೆತಗ್ಗಿಸಿ ನಿಂತ ನಮಗೆ ಆ ನೋವು ಕರುಳಿಗೆ ತಾಕುತ್ತದೆ. ಆದರೆ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಿಕೆ ಆ ವರ್ಷ ಪಾಸು ಮಾಡಿದ್ದು ಸಿಂಹಳ ಮಾತ್ರ ಎಂಬ ಕಾಯ್ದೆ. ಆ 'ಮಾತ್ರ' ಎಂಬ ಎರಡಕ್ಷರ ಇಂಗ್ಲಿಷ್ ದೊರೆಗಳಿಗಿಂತ ಹೆಚ್ಚಾಗಿ ಪಕ್ಕದ ತಮಿಳು ಗುಮಾಸ್ತನಿಗೆ ಚುಚ್ಚಿತು. ಎರಡು ಭಾಷೆಯಾದರೆ ಒಂದು ದೇಶ, ಒಂದೇ ಭಾಷೆಯಾದರೆ ಎರಡು ದೇಶ ಅಂತ ಎಡಪಕ್ಷದ ಕಾಲ್ವಿನ್ ಡಿ ಸಿಲ್ವಾ ಎಚ್ಚರಿಸಿದರು. ಕೇಳಿದವರಾರು? ೧೯೫೮ರಲ್ಲಿ ರಕ್ತ ಹರಿಯಿತು. ೧೯೫೯ರಲ್ಲಿ ಬಂಡಾರನಾಯಿಕೆಯನ್ನೇ ಒಬ್ಬ ಭಿಕ್ಷು ಗುಂಡಿಟ್ಟು ಕೊಂದ.

ಅದೇ ೧೯೫೬ರ ನವೆಂಬರಿನಲ್ಲಿ ಎದಿರಿವೀರ ಸರಚ್ಚಂದ್ರರ 'ಮನಮೆ' ನಾಟಕ ರಂಗಕ್ಕೆ ಬಂತು. ಸಿಂಹಳೀಯರ ರಾಷ್ಟ್ರೀಯ ರಂಗಭೂಮಿ ಹುಟ್ಟಿತು ಅಂತ ಜನ ಕುಣಿದರು. ಆ ನಾಟಕದ ಮೈ ಯಾವುದು? ನಾಡಗಮ. ತಮಿಳು ತೆರುಕೂತ್ತಿನಿಂದ ಇಳಿದು ಬಂದ ಬಯಲಾಟ, ಅದಕ್ಕೆ ಬಡಿಯುವುದು ಮದ್ದಳೆ. ಪಾರ್ಲಿಮೆಂಟಿನಲ್ಲಿ ತಮಿಳನ್ನು ಹೊರಗಿಟ್ಟ ವರ್ಷವೇ ರಂಗದ ಮೇಲೆ ತಮಿಳು ತಾಳಕ್ಕೆ ಸಿಂಹಳ ಹಾಡು ಎದ್ದಿತು. ಕಾಯ್ದೆ ಸುಳ್ಳು ಹೇಳಿತು, ಕಲೆ ಹೇಳಲಿಲ್ಲ.

ಅದೇ ೧೯೫೬ರ ಅಕ್ಟೋಬರಿನಲ್ಲಿ ನಾಗಪುರ. ಬಾಬಾಸಾಹೇಬರು ೧೯೫೦ರಲ್ಲಿ ವಿಶ್ವ ಬೌದ್ಧರ ಮೊದಲ ಸಮ್ಮೇಳನಕ್ಕೆ ಲಂಕೆಗೆ ಹೋಗಿ, ಅಲ್ಲಿನ ಬೌದ್ಧರನ್ನು ಕಣ್ಣಾರೆ ನೋಡಿ ಬಂದಿದ್ದರು. ಅವರು ತೆಗೆದುಕೊಂಡ ಬುದ್ಧನ ಜೊತೆಗೆ ೨೨ ಪ್ರತಿಜ್ಞೆಗಳೂ ಇದ್ದವು. ಜಾತಿಯನ್ನು ಹೆಸರು ಹಿಡಿದು ಬಿಡಬೇಕು, ಮನುಷ್ಯರೆಲ್ಲ ಸಮಾನ ಅಂತ ಬಾಯಿಬಿಟ್ಟು ಹೇಳಬೇಕು. ಆ ಪ್ರತಿಜ್ಞೆ ಯಾಕೆ ಬೇಕಿತ್ತು ಅನ್ನೋದು ಲಂಕೆಯ ಚರಿತ್ರೆ ಓದಿದರೆ ಅರ್ಥವಾಗುತ್ತದೆ. ಬುದ್ಧನನ್ನು ಗುಡಿಯಲ್ಲಿಟ್ಟು ಜಾತಿಯನ್ನು ಮನೆಯಲ್ಲಿಟ್ಟುಕೊಂಡರೆ, ಎರಡು ಸಾವಿರ ವರ್ಷ ಕಳೆದರೂ ರೊಡಿ ರೊಡಿಯೇ. ಒಂದೇ ವರ್ಷ, ಒಬ್ಬನೇ ಬುದ್ಧ. ಒಂದು ಕಡೆ ಕೆಳಗಿನವರ ಕೈದೀಪ, ಇನ್ನೊಂದು ಕಡೆ ಹೆಚ್ಚು ಸಂಖ್ಯೆಯವರ ಮೊಹರು.

ಮುಂದಿನದು ಎಲ್ಲರೂ ಬಲ್ಲದ್ದು, ಬೇಗ ಹೇಳುತ್ತೇವೆ. ೧೯೭೧ರ ಏಪ್ರಿಲಿನಲ್ಲಿ ಸಿಂಹಳದಲ್ಲಿ ಓದಿ ಕೆಲಸ ಸಿಗದ ಹಳ್ಳಿ ಹುಡುಗರು ರೋಹಣ ವಿಜೆವೀರನ ಜನತಾ ವಿಮುಕ್ತಿ ಪೆರಮುಣದಡಿ ದಂಗೆ ಎದ್ದರು. ವಹುಂಪುರ, ಬತ್ಗಮ ಕೇರಿಗಳಿಂದ ಬಂದವರು ಅದರಲ್ಲಿ ಬಹಳ ಇದ್ದರು ಅಂತ ಆ ದಂಗೆಯನ್ನು ಅಭ್ಯಾಸ ಮಾಡಿದವರು ಗುರುತಿಸಿದ್ದಾರೆ. ಸಿಂಹಳ ಸರ್ಕಾರ ಸಿಂಹಳ ಮಕ್ಕಳನ್ನೇ ಸಾವಿರಗಟ್ಟಲೆ ಕೊಂದಿತು. ೧೯೮೭-೮೯ರಲ್ಲಿ ಇನ್ನೊಮ್ಮೆ, ಹತ್ತಾರು ಸಾವಿರ. ಒಂದೇ ರಕ್ತ ಅನ್ನುವವರಿಗೆ ಆಗ ಆ ರಕ್ತ ಕಾಣಲಿಲ್ಲ. ೧೯೮೧ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟರು, ಸುಮಾರು ೯೭,೦೦೦ ಪುಸ್ತಕ. ೧೯೮೩ರ ಜುಲೈನಲ್ಲಿ ಕೊಲಂಬೋದ ಬೀದಿಯಲ್ಲಿ ತಮಿಳರನ್ನೇ ಸುಟ್ಟರು. ಆ ಜುಲೈನಲ್ಲೂ ತಮಿಳು ನೆರೆಯವರನ್ನು ಮಂಚದಡಿ ಬಚ್ಚಿಟ್ಟು ಕಾಪಾಡಿದ ಸಿಂಹಳ ತಾಯಂದಿರಿದ್ದರು. ಅದೇ ವರ್ಷ ಮಾದುರು ಓಯ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿ ವೆಡ್ಡಾಗಳ ಬೇಟೆಯ ನೆಲ ಕಿತ್ತುಕೊಂಡರು. ಕುವೇಣಿಯ ಮಕ್ಕಳು ಎರಡನೆಯ ಸಲ ಹೊರಬಿದ್ದರು. ಯುದ್ಧ ೨೦೦೯ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಮರಳಿನಲ್ಲಿ ಮುಗಿಯಿತು, ಲೆಕ್ಕಕ್ಕೆ ಸಿಗದಷ್ಟು ಹೆಣಗಳ ಮೇಲೆ. ದುಟ್ಟಗಾಮಣಿ ಮತ್ತೆ ಹುಟ್ಟಿ ಬಂದ ಅಂತ ಗೆದ್ದವರನ್ನು ಹೊಗಳಿದರು. ಎಳಾರನಿಗೆ ಸಮಾಧಿ ಕಟ್ಟಿಸಿದ ದುಟ್ಟಗಾಮಣಿ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಹದಿಮೂರು ವರ್ಷದ ನಂತರ, ೨೦೨೨ರಲ್ಲಿ, ಅಕ್ಕಿ, ಎಣ್ಣೆ, ಸೀಮೆಎಣ್ಣೆ, ಔಷಧಿ ಯಾವುದೂ ಸಿಗದಾದಾಗ ಅದೇ ಸಿಂಹಳ ಜನ ಬೀದಿಗಿಳಿದು ಆ ಗೆದ್ದವರನ್ನೇ ಅರಮನೆಯಿಂದ ಓಡಿಸಿದರು. ಆ ಮೇ ೧೮ರಂದು ಗಾಲ್ ಫೇಸ್ ಬಯಲಿನಲ್ಲಿ ಸಿಂಹಳ ಹುಡುಗರು ಮುಳ್ಳಿವಾಯ್ಕಾಲಿನಲ್ಲಿ ಸತ್ತವರನ್ನು ನೆನೆದು ಗಂಜಿ ಹಂಚಿದರು. ಯುದ್ಧದ ಕೊನೆಯಲ್ಲಿ ಆ ತಮಿಳರಿಗೆ ಉಳಿದಿದ್ದ ಊಟ ಆ ಗಂಜಿ. ೨೦೨೪ರ ಸೆಪ್ಟೆಂಬರಿನಲ್ಲಿ, ೧೯೭೧ರಲ್ಲಿ ಯಾವ ಪಕ್ಷದ ಹುಡುಗರನ್ನು ಕೊಂದು ನದಿಗೆ ಎಸೆದಿದ್ದರೋ ಆ ಪಕ್ಷದ ಅನುರ ಕುಮಾರ ದಿಸನಾಯಕ ಅಧ್ಯಕ್ಷನಾಗಿ ಗೆದ್ದರು. ನಾವು ಯಾರ ಜೈಕಾರವನ್ನೂ ಹಾಕುವುದಿಲ್ಲ. ಅರಮನೆಗೆ ಯಾರು ಹೋದರು ಅನ್ನೋದು ಸಣ್ಣ ಪ್ರಶ್ನೆ. ಆ ಗಂಜಿಯನ್ನು ಯಾರು ಯಾರ ಕೈಯಿಂದ ತೆಗೆದುಕೊಂಡರು ಅನ್ನೋದು ದೊಡ್ಡ ಪ್ರಶ್ನೆ.

ಸಿಂಹಳೀಯರನ್ನು ದೂರುವುದಕ್ಕೆ ಇದನ್ನು ಬರೆದದ್ದಲ್ಲ. ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಮಾತು. ಮಕ್ಕಳಿಗೆ ಲಂಕೆಯ ಕಥೆ ಹೇಳುವಾಗ ರಾವಣನ ಹತ್ತು ತಲೆಗೆ ನಿಲ್ಲಿಸಬೇಡಿ. ನೂಲು ತೆಗೆಯುತ್ತಿದ್ದ ಕುವೇಣಿಯನ್ನು ಹೇಳಿ. ಮೈಲಿಗೆ ಆರಿಂಚು ಇಳಿಜಾರು ಅಗೆದ, ಹೆಸರಿಲ್ಲದ ಜನರನ್ನು ಹೇಳಿ. ನದಿಯ ಮೇಲೆ ದೀಕ್ಷೆ ಕೊಟ್ಟ ಜ್ಞಾನವಿಮಲನನ್ನು ಹೇಳಿ, ಆಮೇಲೆ ಅವನ ಸಂಘ ಹೋಳಾದದ್ದನ್ನೂ ಬಿಡದೆ ಹೇಳಿ. ವಿಹಾರದ ಅಂಗಳದಲ್ಲಿ ತಮ್ಮೆಟ್ಟಮ ಬಡಿಯುತ್ತಿರುವ ಬೆರವನ ಮಗ ಕ್ಯಾಂಡಿಯ ಸಂಘದ ಒಳಗೆ ಹೋಗಿ ಕೂರುವವರೆಗೆ ಆ ಚರಿತ್ರೆ ಮುಗಿದಿಲ್ಲ. ನಮ್ಮದೂ ಮುಗಿದಿಲ್ಲ.